ಬಿದ್ದವರ ಊರಿಗೆ ಬಂದ ಅರ್ಧ ವಿಮಾನ

ನಮ್ಮ ಊರಿಗೆ ವಿಮಾನ ಬಂದದ್ದು ಮೂರು ಲಾರಿಗಳಲ್ಲಿ, ತರಕಾರಿ ಪೇಟೆಯ ನಡುವೆ ಹಾದು. ಮೊದಲ ಲಾರಿಯಲ್ಲಿ ಅದರ ಮೂತಿ, ಎರಡನೆಯದರಲ್ಲಿ ಹೊಟ್ಟೆ, ಮೂರನೆಯದರಲ್ಲಿ ನೀಲಿ ಸೀಟುಗಳು. ಬಾಲ ಬರಲೇ ಇಲ್ಲ. ಸಿನಿಮಾಕ್ಕೆ ಬಾಲ ಬೇಕಿಲ್ಲವಂತೆ. ಕ್ಯಾಮರಾ ಇಡಲು ಒಂದು ಪಕ್ಕ ತೆರೆದಿರಬೇಕೆಂದು ಇಡೀ ವಿಮಾನವನ್ನು ಸೌತೆಕಾಯಿಯ ಹಾಗೆ ಉದ್ದಕ್ಕೆ ಸೀಳಿ ತಂದಿದ್ದರು. ಪೇಟೆಯ ತಿರುವಿನಲ್ಲಿ ಹಗ್ಗ ಸಡಿಲವಾಯಿತೆಂದು ಮೊದಲ ಲಾರಿಯ ಡ್ರೈವರ್ ಕೆಳಗಿಳಿದ. ದಪ್ಪ ಮೀಸೆಯ ಭಾರಿ ಆಳು. ಕೋಸಿನ ಎಲೆಯ ಮೇಲೆ ಕಾಲಿಟ್ಟವನೇ ಜಾರಿ ಅಂಗಾತ ಬಿದ್ದ.

ತಕ್ಷಣ ಪೇಟೆಯೆಲ್ಲ ಬಿತ್ತು. ಈರುಳ್ಳಿಯವನು ತಕ್ಕಡಿ ಹಿಡಿದುಕೊಂಡೇ ಬಿದ್ದ. ಅವನ ಹತ್ತಿರ ಚೌಕಾಸಿ ಮಾಡುತ್ತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು ಪಕ್ಕದಲ್ಲೇ ಬಿದ್ದಳು. ಟ್ರಾಫಿಕ್ ಪೊಲೀಸಿನವನು ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿ, ಟೋಪಿ ತೆಗೆದು ಜೋಪಾನವಾಗಿ ಕಟ್ಟೆಯ ಮೇಲಿಟ್ಟು ಬಿದ್ದ. ನನಗೆ ಆಗ ಎಪ್ಪತ್ತೊಂದು. ಅರವತ್ತು ದಾಟಿದವರು ಬೀಳಬೇಕಿಲ್ಲ, ಕುಳಿತರೂ ಸಾಕು ಎಂಬ ರಿಯಾಯಿತಿ ನಮ್ಮಲ್ಲಿದೆ. ನಾನು ಬದನೆಕಾಯಿ ಬುಟ್ಟಿಯ ಪಕ್ಕ ಕುಳಿತೆ. ಡ್ರೈವರ್ ತಲೆಯೆತ್ತಿ ಸುತ್ತ ನೋಡಿ ಬೆವರಿಹೋದ. “ಅಯ್ಯಯ್ಯೋ, ಏನಾಯ್ತ್ರೀ ಎಲ್ರಿಗೂ? ಯಾರು ಹೊಡೆದ್ರು?” ನನ್ನ ಪಕ್ಕದ ಮನೆಯ ಟೈಲರ್ ಕೆಂಪಲಿಂಗಮ್ಮ ಸೊಪ್ಪಿನ ರಾಶಿಯ ಮೇಲೆ ಮಲಗಿಕೊಂಡೇ ಉತ್ತರ ಕೊಟ್ಟಳು: “ಯಾರೂ ಹೊಡೆದಿಲ್ಲ ಕಣಪ್ಪ. ನೀನು ಮೊದಲು ಎದ್ದೇಳು. ಮೊದಲು ಬಿದ್ದೋರು ಮೊದಲು ಏಳ್ಬೇಕು. ಬೇಗ ಏಳು, ಸೊಪ್ಪಿಗೆ ಈಗತಾನೆ ನೀರು ಚಿಮುಕಿಸವ್ರೆ, ನನ್ನ ಬೆನ್ನಿಗೆ ಥಂಡಿ ಹಿಡೀತದೆ.”

ನಮ್ಮಲ್ಲಿ ಹೀಗೇ. ಬಿದ್ದವನನ್ನು ಕಂಡವರು ನಿಂತಿರುವುದಿಲ್ಲ. ಮಂಟಪದಲ್ಲಿ ಮದುಮಗ ಎಡವಿದರೆ ಪುರೋಹಿತರೂ ವಾಲಗದವರೂ ಬೀಳುತ್ತಾರೆ, ಮುಹೂರ್ತ ಕಾಯುತ್ತದೆ. ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಒಮ್ಮೆ ಜಾರಿದಾಗ ವಾದಿ, ಪ್ರತಿವಾದಿ, ಇಬ್ಬರ ವಕೀಲರು ಎಲ್ಲ ಅಕ್ಕಪಕ್ಕ ಮಲಗಬೇಕಾಯಿತು; ಹನ್ನೊಂದು ವರ್ಷದ ಆ ಗೋಡೆ ಜಗಳ ಅಲ್ಲೇ ರಾಜಿಯಾಯಿತು. ಹೊರಗಿನಿಂದ ಬಂದ ಮಂತ್ರಿಯೊಬ್ಬರು ವೇದಿಕೆಯ ಮೆಟ್ಟಿಲಲ್ಲಿ ಮುಗ್ಗರಿಸಿದಾಗ ಮೈದಾನದ ತುಂಬ ಜನ ನೆಲ ಹಿಡಿದದ್ದನ್ನು ಅವರು ಸಾಷ್ಟಾಂಗ ನಮಸ್ಕಾರವೆಂದು ತಿಳಿದು ಕಣ್ಣೊರೆಸಿಕೊಂಡರು. ಆಮೇಲೆ ಕರೆಯದಿದ್ದರೂ ಮೂರು ಸಲ ಬಂದು ಅದೇ ಮೆಟ್ಟಿಲಲ್ಲಿ ಮುಗ್ಗರಿಸಿ ಹೋದರು. ಇಂಥ ಊರಿನ ರಸ್ತೆಗಳು ಕನ್ನಡಿಯ ಹಾಗಿರಬೇಕು ಎಂದು ನಿಮಗೆ ಅನ್ನಿಸಬಹುದು. ಹಾಗೇನಿಲ್ಲ. ನಮ್ಮ ಪುರಸಭೆಯವರು ಗುಂಡಿ ಮುಚ್ಚುವುದಿಲ್ಲ. ಬೀಳುವವರಿಗೆ ಮೆತ್ತಗಿರಲೆಂದು ಗುಂಡಿಯ ಸುತ್ತ ಮರಳು ಹಾಸುತ್ತಾರೆ, ಆ ಮರಳಿನ ಟೆಂಡರಿಗಾಗಿ ಹೊಡೆದಾಡುತ್ತಾರೆ. ಹೊಡೆದಾಟದಲ್ಲಿ ಒಬ್ಬ ಬಿದ್ದರೆ ಹೊಡೆದವನೂ ಬೀಳಬೇಕಾದ್ದರಿಂದ ಜಗಳ ದೊಡ್ಡದಾಗುವುದಿಲ್ಲ.

ಯಾವ ನಕ್ಷೆಯಲ್ಲೂ ಇಲ್ಲದ ಈ ಊರಿನಲ್ಲಿ ನಾನು ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಮಾಡಿದೆ. ಹಾಗಾಗಿ ಎಲ್ಲರಿಗೂ ನಾನು ವನಮಾಲಾ ಟೀಚರ್.

ಮುಚ್ಚಿಹೋದ ನೂಲಿನ ಗಿರಣಿಯ ಶೆಡ್ಡಿನಲ್ಲಿ ವಿಮಾನವನ್ನು ಜೋಡಿಸಿದರು. ಡೈರೆಕ್ಟರ್ ನಿಶ್ಚಲ್ ಎಂಬ ಹೊಸಬರು, ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಳ್ಳುವವರು. ಲಾರಿಯ ಹಿಂದಿನ ಕಾರಿನಲ್ಲಿ ಕುಳಿತು ಪೇಟೆಯ ಬೀಳಾಟವನ್ನು ಅವರು ನೋಡಿದ್ದರು. ಊರಿನವರೆಲ್ಲ ಸಿನಿಮಾದಲ್ಲಿ ಚಾನ್ಸ್ ಕೇಳುತ್ತಿದ್ದಾರೆ ಎಂದೇ ಅವರ ತಿಳಿವಳಿಕೆ. “ಏನ್ ಟೈಮಿಂಗ್ ರೀ!” ಎಂದು ಹೊಗಳಿ, ವಿಮಾನದ ಪ್ರಯಾಣಿಕರಾಗಿ ನೂರ ಹನ್ನೆರಡು ಜನರನ್ನು ಅಲ್ಲೇ ಆರಿಸಿಕೊಂಡರು. ನನಗೆ ಮೂರನೆಯ ಸಾಲಿನಲ್ಲಿ, ನಡೆಯುವ ದಾರಿಯ ಪಕ್ಕದ ಸೀಟು. ಕೆಂಪಲಿಂಗಮ್ಮ ಕಿಟಕಿಗೆ. ಕಿಟಕಿಯಾಚೆ ಬಟ್ಟೆಯ ಮೇಲೆ ಬರೆದ ಮೋಡ.

ಕಥೆ ಕೇಳಿದೆವು. ಮಹಾನಗರದ ಒಂದು ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಒಂದೇ ವಿಮಾನದಲ್ಲಿ ಫಾರಿನ್ ಟೂರ್ ಹೊರಡುತ್ತಾರೆ. ಯಾವುದೋ ಬಹುಮಾನದಲ್ಲಿ ಟಿಕೆಟ್ ಸಿಕ್ಕಿ ಅವರ ವಾಚ್‌ಮನ್ನೂ ಅದೇ ವಿಮಾನ ಹತ್ತುತ್ತಾನೆ, ಕೈಯಲ್ಲಿ ಹುಳಿ ತುಂಬಿದ ಟಿಫನ್ ಕ್ಯಾರಿಯರ್. ಕ್ಯಾರಿಯರಿನ ಮುಚ್ಚಳ ಕಳಚುತ್ತದೆ, ಹುಳಿ ಚೆಲ್ಲುತ್ತದೆ, ವಾಚ್‌ಮನ್ ಅದರ ಮೇಲೆ ಜಾರಿ ವಿಮಾನದ ಈ ತುದಿಯಿಂದ ಆ ತುದಿಗೆ ಹೋಗಿ ಬೀಳುತ್ತಾನೆ, ಫ್ಲ್ಯಾಟಿನವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. “ಇದರಲ್ಲಿ ಲಾಜಿಕ್ ಇಲ್ಲ ಮೇಡಂ, ಆದ್ರೆ ತುಂಬಾ ರಿಯಲಿಸ್ಟಿಕ್,” ಎಂದರು ನಿಶ್ಚಲ್. ಬೀಳುವವನು ವಾಚ್‌ಮನ್, ನಗುವವರು ಫ್ಲ್ಯಾಟಿನವರು ಎಂದಾಗ ನನಗೂ ರಿಯಲಿಸ್ಟಿಕ್ ಅನ್ನಿಸಿತು.

ವಾಚ್‌ಮನ್ ಪಾತ್ರ ಪಲ್ಟಿ ಪರಮೇಶಿಯವರದು. ಅರವತ್ತಮೂರು ವರ್ಷ, ಸಣ್ಣ ಮೈ, ದೊಡ್ಡ ಕಿವಿ. ಮೂವತ್ತೆಂಟು ವರ್ಷದಲ್ಲಿ ಅವರು ಬಾವಿಗೆ, ಗೊಬ್ಬರದ ಗುಂಡಿಗೆ, ಪಾಯಸದ ಹಂಡೆಗೆ, ನಾಯಕಿಯ ಅಪ್ಪನ ಕಾಲಿಗೆ ಬೀಳದ ಚಿತ್ರವಿಲ್ಲ. ಇಷ್ಟು ವರ್ಷಕ್ಕೆ ಮೊದಲ ಬಾರಿ ಅವರದೇ ಮುಖ್ಯ ಪಾತ್ರವಿರುವ ಚಿತ್ರ ಇದು. ಮಂಡಿ ಸವೆದಿತ್ತು. ಪ್ರತಿ ಶಾಟಿನ ಮೊದಲು ಕ್ಯಾಮರಾದವನು ಯಾರಿಗೂ ಕಾಣದಂತೆ, ಅವರು ಬೀಳುವ ಜಾಗದ ಕಾರ್ಪೆಟ್ಟಿನಡಿ ತನ್ನ ಟವೆಲ್ಲನ್ನು ಮಡಿಸಿ ತೂರಿಸುವುದನ್ನು ನಾನು ನೋಡಿದೆ. ಅವನು ಹೊರಗಿನವನು, ಆದರೂ ನಮ್ಮವನ ಹಾಗೆ ಕಂಡ.

ಮಂಗಳವಾರ ಮೊದಲ ಶಾಟ್. ಪರಮೇಶಿ ಕ್ಯಾರಿಯರ್ ಹಿಡಿದು ಬಂದರು, ಜಾರಿದರು. ಆ ಜಾರಾಟವನ್ನು ಹೇಗೆ ಹೇಳಲಿ! ಒಂದು ಕಾಲು ಒಂದು ಊರಿಗೆ, ಇನ್ನೊಂದು ಇನ್ನೊಂದು ಊರಿಗೆ; ಗಾಳಿಯಲ್ಲಿ ಹಾರಿದ ನುಗ್ಗೆಕಾಯಿಯ ತುಂಡೊಂದನ್ನು ಬೀಳುತ್ತಲೇ ಬಾಯಲ್ಲಿ ಹಿಡಿದು, ಧೊಪ್ಪನೆ ಬಿದ್ದರು. ಮರುಗಳಿಗೆ ನೂರ ಹನ್ನೆರಡು ಪ್ರಯಾಣಿಕರೂ, ಗಗನಸಖಿಯ ವೇಷದಲ್ಲಿದ್ದ ನಮ್ಮ ಅಂಚೆ ಕಚೇರಿಯ ಹುಡುಗಿಯೂ ದಾರಿಯಲ್ಲಿ ರಾಶಿ ಬಿದ್ದರು.

“ಕಟ್! ಕಟ್! ನೀವ್ಯಾಕ್ರೀ ಬಿದ್ರಿ?”

“ಅವರು ಬಿದ್ರಲ್ಲ ಸಾರ್,” ಎಂದರು ದಾವೂದ್ ಸಾಹೇಬರು. ಬಸ್ ಕಂಡಕ್ಟರ್ ಆಗಿ ರಿಟೈರಾದವರು, ನನ್ನ ಹಿಂದಿನ ಸೀಟು.

“ಅವರು ಬೀಳೋದು ಆಕ್ಟಿಂಗು!”

“ಇರಬಹುದು ಸಾರ್. ನೆಲ ಆಕ್ಟಿಂಗ್ ಮಾಡಲ್ವಲ್ಲ.”

ಏಳು ಸಲ ತೆಗೆದರು, ಏಳು ಸಲವೂ ಬಿದ್ದೆವು. ಮಧ್ಯಾಹ್ನ ನಿಶ್ಚಲ್‌ಗೆ ಉಪಾಯ ಹೊಳೆಯಿತು: ಎಲ್ಲರಿಗೂ ಸೀಟ್ ಬೆಲ್ಟ್ ಬಿಗಿಸಿದರು. ಎಂಟನೆಯ ಸಲ ಪರಮೇಶಿ ಬಿದ್ದಾಗ ನಮ್ಮವರು ಒಂದೇ ಸಮನೆ ದಾರಿಯ ಕಡೆ ವಾಲಿದರು. ಸೀಟುಗಳನ್ನು ಹಲಗೆಗೆ ನಾಲ್ಕು ಮೊಳೆ ಹೊಡೆದು ನಿಲ್ಲಿಸಿದ್ದರಂತೆ. ಮೊದಲ ಸಾಲು ಕಿತ್ತು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ. ವಿಮಾನ ಹಾರದೆಯೇ ಅಪಘಾತಕ್ಕೀಡಾಯಿತು. ಸೀಟು ಬೆನ್ನಿಗೆ ಕಟ್ಟಿಕೊಂಡು ಆಮೆಯ ಹಾಗೆ ಮಲಗಿದ್ದ ಕೆಂಪಲಿಂಗಮ್ಮ, “ಟೀಚರ್, ವಿಮಾನ ಇಳೀತಾ?” ಎಂದು ಕೇಳಿದಳು.

ಬುಧವಾರ ನಿಶ್ಚಲ್ ಪುರಸಭೆಗೆ ಹೋದರು. ತುರ್ತು ಸಭೆ ಸೇರಿತು. ಅಧ್ಯಕ್ಷ ಗಂಗಹನುಮಯ್ಯನವರು ಎದ್ದು ನಿಂತು ಠರಾವು ಓದಿದರು: “ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಸದರಿ ವಿಮಾನದೊಳಗೆ ಬೀಳುವ ವ್ಯಕ್ತಿಯನ್ನು ಬಿದ್ದಿಲ್ಲವೆಂದು ಪರಿಗಣಿಸತಕ್ಕದ್ದು.” ಓದಿ ಮುಗಿಸಿ ಕೂರುವಾಗ ಕುರ್ಚಿಯ ಕಾಲು ಮುರಿದು ಅವರು ಬಿದ್ದರು. ಸದಸ್ಯರೆಲ್ಲ ಬಿದ್ದರು. ಠರಾವು ನೆಲದ ಮೇಲೆಯೇ ಪಾಸಾಯಿತು. ಮಲಗಿದವರು ಕೈ ಎತ್ತಿದ್ದರಿಂದ ಎಣಿಸಲು ಸುಲಭವಾಯಿತು ಎಂದು ಗುಮಾಸ್ತರು ಹೇಳಿದರು.

ಠರಾವನ್ನು ವಿಮಾನದ ಬಾಗಿಲಿಗೆ ಅಂಟಿಸಿದರು. ನಮ್ಮವರು ಓದಿ ತಲೆಯಾಡಿಸಿದರು. ಪರಮೇಶಿ ಬಿದ್ದರು. ನಮ್ಮವರೂ ಬಿದ್ದರು. “ಅವರು ಬಿದ್ದಿಲ್ಲ ಅಂತ ಇದೆ ಸಾರ್, ಒಪ್ಕೊಂಡ್ವಿ,” ಎಂದರು ದಾವೂದ್ ಸಾಹೇಬರು ನೆಲದಿಂದಲೇ. “ನಾವು ಬೀಳಬಾರದು ಅಂತ ಎಲ್ಲಿದೆ?”

ನಿಶ್ಚಲ್ ಟೋಪಿ ಕಿತ್ತೆಸೆದರು. ಎಲ್ಲರ ಮುಂದೆಯೇ ಪರಮೇಶಿಗೆ ಹೇಳಿದರು: “ಸಾರಿ ಸರ್. ಶುಕ್ರವಾರ ಸಂಜೆಯೊಳಗೆ ಈ ಸೀನ್ ಓಕೆ ಆಗ್ಬೇಕು. ಇಲ್ಲಾಂದ್ರೆ ಪ್ರೊಡ್ಯೂಸರ್ ಅಳಿಯ ರೆಡಿ ಇದಾರೆ, ಬೇರೆ ಊರಲ್ಲಿ ಅವರನ್ನ ಹಾಕ್ಕೊಂಡು ಮೊದಲಿಂದ ತೆಗೀತೀವಿ.” ಪರಮೇಶಿ ನಕ್ಕು, “ಆಗ್ಲಪ್ಪ,” ಎಂದು ಮುಖಕ್ಕೆ ಮೆತ್ತಿದ್ದ ಹುಳಿಯನ್ನು ಒರೆಸಿಕೊಂಡರು.

ಸಂಜೆ ಅವರು ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಕೆಂಪಲಿಂಗಮ್ಮ ಕೇಳದೆಯೇ ಒಳಗೆ ಹೋಗಿ ಹುರಿದ ಉಪ್ಪಿನ ಗಂಟು ತಂದು ಅವರ ಮಂಡಿಯ ಮೇಲಿಟ್ಟಳು. “ಟೀಚರಮ್ಮ,” ಎಂದರು ಪರಮೇಶಿ, “ಮೂವತ್ತೆಂಟು ವರ್ಷ ನಗೆ ಕೇಳ್ಕೊಂಡು ಬದುಕಿದೋನು ನಾನು. ನಿನ್ನೆ ಮೊದಲ ಶಾಟಲ್ಲಿ, ನುಗ್ಗೆಕಾಯಿ ಬಾಯಿಗೆ ಬಿದ್ದಾಗ, ಮೂರನೇ ಸಾಲಲ್ಲಿ ಒಂದು ನಗೆ ಬಂತು. ಚಿಕ್ಕದು. ಸೆರಗು ಮುಚ್ಕೊಂಡು ನಕ್ಕ ನಗೆ.”

ಕೆಂಪಲಿಂಗಮ್ಮ ನನ್ನ ಕಡೆ ತಿರುಗಿದಳು. ನಾನು ಐವತ್ತು ವರ್ಷ ಬಚ್ಚಿಟ್ಟದ್ದನ್ನು ಆ ಮನುಷ್ಯ ಒಂದು ಮಾತಿನಲ್ಲಿ ಹೊರಗೆ ತೆಗೆದಿದ್ದರು.

ಕಾಲೇಜಿಗೆಂದು ನಾನು ದೂರದ ನಗರಕ್ಕೆ ಹೋಗಿದ್ದೆ. ಮೊದಲ ವಾರವೇ ಕಾಲೇಜಿನ ಮೆಟ್ಟಿಲಲ್ಲಿ, ತುಂಬಿದ ಹುಡುಗರ ನಡುವೆ ಜಾರಿಬಿದ್ದೆ. ಬಿದ್ದು, ಎಲ್ಲರೂ ಬೀಳಲಿ ಎಂದು ಕಾದೆ. ಯಾರೂ ಬೀಳಲಿಲ್ಲ. ಮೆಟ್ಟಿಲ ಮೇಲಿಂದ ಕೆಳಗಿನವರೆಗೆ ನಗೆ ಉರುಳಿ ಬಂತು. ಲೈಬ್ರರಿಯ ಕಸ ಗುಡಿಸುವ ಹೆಂಗಸೊಬ್ಬಳು ಮಾತ್ರ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ನನ್ನ ಪುಸ್ತಕ ಆರಿಸುವವಳ ಹಾಗೆ ಬಹಳ ಹೊತ್ತು ಆರಿಸಿದಳು. ನಾಲ್ಕೇ ಪುಸ್ತಕವಿದ್ದವು. ಅವಳ ಹೆಸರು ಕೇಳದೆ ಬಂದೆನಲ್ಲ ಎಂದು ಈಗಲೂ ಕೊರಗುತ್ತೇನೆ. ಆದರೆ ಅದೇ ನಗರದಲ್ಲಿ, ಮೂರು ವರ್ಷದಲ್ಲಿ, ನಾನೂ ಕಲಿತೆ. ಸಿನಿಮಾದಲ್ಲಿ ಬೀಳುವವರನ್ನು ನೋಡಿ ಗೆಳತಿಯರ ಜೊತೆ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದೇನೆ. ಊರಿಗೆ ಮರಳಿದ ಮೇಲೆ ಆ ವಿದ್ಯೆಯನ್ನು ಯಾರಿಗೂ ಹೇಳಲಿಲ್ಲ.

“ನಿಮ್ಮೋರಿಗೆ ಕಲಿಸಿ,” ಎಂದರು ಪರಮೇಶಿ. “ಅವರು ಒಳ್ಳೇರು, ಒಪ್ತೀನಿ. ಆದ್ರೆ ಅವರ ಒಳ್ಳೇತನದಲ್ಲಿ ನನ್ನ ಪಾತ್ರ ಹೋಗ್ತಾ ಇದೆ.”

ಕೆಂಪಲಿಂಗಮ್ಮ ಉಪ್ಪಿನ ಗಂಟನ್ನು ಒತ್ತುತ್ತ ಇದ್ದಕ್ಕಿದ್ದಂತೆ, “ಟೀಚರೇ, ಬಿದ್ದೋರನ್ನ ನೋಡಿ ನಗೋದು ಅಂದ್ರೆ ಹೆಂಗಿರ್ತದೆ?” ಎಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

ಗುರುವಾರ ಗಿರಣಿಯ ಅಂಗಳದಲ್ಲಿ ತರಗತಿ ನಡೆಸಿದೆ. ನಮ್ಮವರಿಗೆ ನಗಲು ಬಾರದೆಂದಲ್ಲ. ಪುರಸಭೆಯ ಬಗ್ಗೆ ನಗುತ್ತಾರೆ, ಬೀಗರ ಬಗ್ಗೆ ನಗುತ್ತಾರೆ, ಪರಸ್ಪರ ಕಾಲೆಳೆಯುವುದರಲ್ಲಿ ಎತ್ತಿದ ಕೈ. ಬಿದ್ದದ್ದು ಕಂಡರೆ ಮಾತ್ರ ಮೈ ತಾನಾಗಿ ಬಾಗುತ್ತದೆ. ಮೊದಲು ಬಿಂದಿಗೆ ಬೀಳಿಸಿದೆ, ಇಬ್ಬರು ನಕ್ಕರು. ಹತ್ತಿಯ ಮೂಟೆ ಬೀಳಿಸಿದೆ. ಯಾರೂ ನಗಲಿಲ್ಲ, ಮೂಟೆ ದಾವೂದ್ ಸಾಹೇಬರ ಬೀಗರ ಹಾಗಿದೆ ಎಂದು ಯಾರೋ ಅಂದಮೇಲೆ ಎಲ್ಲ ನಕ್ಕರು. ಅದೇ ಮೂಟೆಗೆ ಅಂಗಿ ತೊಡಿಸಿ ಬೀಳಿಸಿದೆ. ಅರ್ಧ ತರಗತಿ ನೆಲ ಹಿಡಿಯಿತು.

ಕೊನೆಗೆ ಪರಮೇಶಿಯೇ ಮುಂದೆ ಬಂದು ಕೈಮುಗಿದರು. “ಅಣ್ಣಂದಿರಾ, ಅವ್ವಂದಿರಾ. ನಿಮ್ಮೂರಲ್ಲಿ ಬಿದ್ದೋನಿಗೆ ಜೊತೆ ಬೀಳೋದು ಮರ್ಯಾದೆ. ನನ್ನ ಕಸುಬಲ್ಲಿ ಬಿದ್ದೋನಿಗೆ ನಗೋದು ಮರ್ಯಾದೆ. ನೀವು ನಕ್ಕರೇನೇ ನಾನು ಎದ್ದ ಹಾಗೆ. ಇಲ್ಲಾಂದ್ರೆ ಬಿದ್ದೇ ಇರ್ತೀನಿ.”

“ಹಂಗೆ ಅಂದ್ರೆ ಸರಿ,” ಎಂದಳು ಕೆಂಪಲಿಂಗಮ್ಮ. “ಆದ್ರೆ ಯಾವಾಗ ನಗಬೇಕು, ಯಾವಾಗ ನಿಲ್ಲಿಸಬೇಕು?” “ಟೀಚರಮ್ಮ ನಕ್ಕಾಗ ನಗಿ, ಡೈರೆಕ್ಟರ್ ಕಟ್ ಅಂದಾಗ ನಿಲ್ಲಿಸಿ,” ಎಂದರು ಅವರು. ಸಂಜೆಯವರೆಗೆ ಅಭ್ಯಾಸ ಮಾಡಿದೆವು. ನಮ್ಮವರು ಸೀಟಿನ ಕೈಗಳನ್ನು ಬಿಗಿಹಿಡಿದು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. “ಎಂಥ ನ್ಯಾಚುರಲ್!” ಎಂದರು ನಿಶ್ಚಲ್.

ಶುಕ್ರವಾರ ನಾಲ್ಕು ಗಂಟೆಗೆ ಕೊನೆಯ ಸಲ ದೀಪಗಳು ಹೊತ್ತಿದವು. ಕ್ಯಾಮರಾದವನು ಟವೆಲ್ ತೂರಿಸಿದ. ಪರಮೇಶಿ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು, ನಡೆದರು, ಹುಳಿ ಚೆಲ್ಲಿತು. ಜಾರಬೇಕಾದ ಜಾಗಕ್ಕೆ ಇನ್ನೂ ಎರಡು ಹೆಜ್ಜೆಯಿರುವಾಗ ಅವರ ಎಡ ಮಂಡಿ ತಾನಾಗಿಯೇ ಮಡಚಿಕೊಂಡಿತು. ಜಾರಾಟವಿಲ್ಲ, ನುಗ್ಗೆಕಾಯಿಯಿಲ್ಲ. ಗೋಡೆ ಕುಸಿದ ಹಾಗೆ ಬಿದ್ದರು. ಟವೆಲ್ ಎಲ್ಲೋ ಉಳಿಯಿತು. ಅವರ ಮೊಣಕೈ ನನ್ನ ಸೀಟಿನ ಕಬ್ಬಿಣಕ್ಕೆ ಬಡಿದ ಸದ್ದು ನನಗೆ ಮಾತ್ರ ಕೇಳಿಸಿತು.

ನನ್ನ ಮೈ ಬಾಗತೊಡಗಿತ್ತು. ಅವರು ನನ್ನನ್ನೇ ನೋಡಿದರು. ಮುಖ ಬಿಳಿಚಿತ್ತು, ತುಟಿಯ ಮೇಲೆ ಹುಳಿಯ ಸೊಪ್ಪು. ಕ್ಯಾಮರಾಕ್ಕೆ ಕಾಣದಷ್ಟು ಸಣ್ಣದಾಗಿ ತಲೆಯಾಡಿಸಿ, ತುಟಿಯಲ್ಲೇ ಅಂದರು: “ನಗಿ.”

ನಾನು ಬಿದ್ದರೆ ಅವರ ಪಾತ್ರ ಹೋಗುತ್ತದೆ. ನಕ್ಕರೆ, ನಿಜವಾಗಿ ಬಿದ್ದವನನ್ನು ನೋಡಿ ನಕ್ಕ ಮೊದಲ ಹೆಂಗಸು ನಾನಾಗುತ್ತೇನೆ, ಈ ಊರು ಊರಾದಾಗಿನಿಂದ. ಕಾಲೇಜಿನ ಮೆಟ್ಟಿಲು ನೆನಪಾಯಿತು. ಸೀಟಿನ ಕೈ ಹಿಡಿದು ನಕ್ಕೆ.

ನಾನು ನಕ್ಕದ್ದೇ ತಡ, ಇಡೀ ವಿಮಾನ ನಕ್ಕಿತು. ದಾವೂದ್ ಸಾಹೇಬರು ತೊಡೆ ತಟ್ಟಿ ನಕ್ಕರು, ಕೆಂಪಲಿಂಗಮ್ಮ ಕಿಟಕಿಗೆ ತಲೆ ಚಚ್ಚಿಕೊಂಡು ನಕ್ಕಳು. ಪರಮೇಶಿ ಆ ನಗೆಯ ಮೇಲೆ ಕೈಯೂರಿದವರ ಹಾಗೆ ತಲೆಯೆತ್ತಿ, ಕ್ಯಾರಿಯರಿನ ಮುಚ್ಚಳವನ್ನು ಟೋಪಿಯಂತೆ ತಲೆಗಿಟ್ಟುಕೊಂಡು, ಬಿದ್ದಲ್ಲಿಂದಲೇ ಎಲ್ಲರಿಗೂ ವಾಚ್‌ಮನ್ ಸೆಲ್ಯೂಟ್ ಹೊಡೆದರು. ಅದು ಕಥೆಯಲ್ಲಿರಲಿಲ್ಲ. ನಿಶ್ಚಲ್ ಖುಷಿಯಲ್ಲಿ ಕಟ್ ಹೇಳುವುದನ್ನೇ ಮರೆತರು. ಎಷ್ಟು ಹೊತ್ತು ನಕ್ಕೆವೋ! ಬೇಡಬೇಡವೆಂದರೂ ನನಗೆ ಒಂದು ಗಳಿಗೆ ನಿಜವಾದ ನಗೆಯೇ ಬಂತು, ಅದನ್ನು ಮುಚ್ಚಿಡಲಾರೆ.

“ಕಟ್! ಸೂಪರ್! ಓಕೆ!”

ನಗೆ ನಿಂತಿತು. ಆಮೇಲೆ ಯಾರೂ ಯಾರಿಗೂ ಹೇಳಲಿಲ್ಲ. ಮೂಟೆಗಳನ್ನು ಒಂದೊಂದಾಗಿ ಮೆಲ್ಲಗೆ ಇಳಿಸಿದಂಥ ಸದ್ದು ಹಿಂದಿನ ಸಾಲಿನಿಂದ ಮುಂದಿನವರೆಗೆ ಬಂತು. ನೂರ ಹನ್ನೆರಡು ಜನ ನೆಲದ ಮೇಲಿದ್ದರು, ಹುಳಿಯಲ್ಲಿ, ಒಬ್ಬರಿಗೊಬ್ಬರು ಒತ್ತಿಕೊಂಡು. ನಾನು ರಿಯಾಯಿತಿ ಕೇಳಲಿಲ್ಲ. ಕೂರದೆ ಪೂರಾ ಮಲಗಿದೆ. ಕ್ಯಾಮರಾದವನು ಕ್ಯಾಮರಾಕ್ಕೆ ಬಟ್ಟೆ ಮುಚ್ಚಿ ಮಲಗಿದ. ಲೈಟಿನವರು ಏಣಿಯಿಂದ ಇಳಿದು ಬಂದು ಮಲಗಿದರು. ಇಡೀ ಶೆಡ್ಡಿನಲ್ಲಿ ನಿಶ್ಚಲ್ ಒಬ್ಬರೇ ನಿಂತಿದ್ದರು.

“ಕಟ್ ಹೇಳಿದೆನಲ್ರೀ...” ಎಂದರು.

“ಅದಕ್ಕೇ ಸಾರ್,” ಎಂದರು ದಾವೂದ್ ಸಾಹೇಬರು.

ನಿಶ್ಚಲ್ ಆಗ ಪರಮೇಶಿಯವರ ಕಾಲನ್ನು ನೋಡಿದರು. ಅದು ಇರಬೇಕಾದ ಹಾಗೆ ಇರಲಿಲ್ಲ. ಅವರು ಟೋಪಿ ತೆಗೆದು, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು, ಮೆಲ್ಲಗೆ ನಮ್ಮ ನಡುವೆ ಮಲಗಿದರು. ಬಿಳಿ ಪ್ಯಾಂಟು.

ಇನ್ನು ಪರಮೇಶಿ ಏಳಬೇಕು. ಮೊದಲು ಬಿದ್ದವರು ಮೊದಲು. ನಾವು ಕಾದೆವು. “ನನ್ನ ಕೈಲಿ ಆಗಲ್ಲ ಕಣ್ರವ್ವ,” ಎಂದರು ಅವರು, “ನೀವೇ ಎದ್ದು ಎತ್ಕೊಳ್ಳಿ.” ಅದು ಹೇಗಾದೀತು? ನೆಲದ ಮೇಲೇ ಸಣ್ಣದೊಂದು ಚರ್ಚೆಯಾಯಿತು. ಇದಕ್ಕೆ ಪುರಸಭೆಯ ಅನುಮತಿ ಬೇಕೇ ಎಂದೂ ಯಾರೋ ಕೇಳಿದರು. ಕೆಂಪಲಿಂಗಮ್ಮ ಕೇಳಿದವರಿಗೆ ಬೈದು, ಕುಂಡಿಯ ಮೇಲೆ ಜರುಗುತ್ತ ಬಂದು ಪರಮೇಶಿಯವರ ಬೆನ್ನಿನಡಿ ಕೈಕೊಟ್ಟಳು. ದಾವೂದ್ ಸಾಹೇಬರು ಮಲಗಿಕೊಂಡೇ ಭುಜ ಕೊಟ್ಟರು, ನಿಶ್ಚಲ್ ಪರಮೇಶಿಯವರ ಮುರಿದ ಕಾಲನ್ನು ಎರಡೂ ಅಂಗೈಯಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದರು, ನಾನು ತಲೆ ಹಿಡಿದೆ. ಮಲಗಿದವರೆಲ್ಲ ಸೇರಿ ಅವರನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದೆವು. ಒಂದೇ ಕಾಲಿನ ಮೇಲಾದರೂ, ನಾಲ್ಕು ತೋಳು ಹಿಡಿದಾದರೂ, ಅವರೇ ಮೊದಲು ಎದ್ದು ನಿಂತರು. ಆಮೇಲೆ ನಾವು ಎದ್ದೆವು.

ಉಳಿದ ದೃಶ್ಯಗಳನ್ನೆಲ್ಲ ಮೊದಲೇ ತೆಗೆದಿದ್ದರು; ಚಿತ್ರ ಬಿಡುಗಡೆಯಾಗಿ ಎಲ್ಲ ಕಡೆ ಚೆನ್ನಾಗಿ ಓಡಿತು. ಪರಮೇಶಿಯವರು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಪತ್ರ ಬರೆದರು: ಇನ್ನು ಬೀಳುವ ಹಾಗಿಲ್ಲವಂತೆ, ನಾಯಕನ ತಾತನ ಪಾತ್ರಗಳು ಬರುತ್ತಿವೆ, ಎಲ್ಲ ಕುಳಿತೇ ಮಾಡುವಂಥವು, ವಿಮಾನದಲ್ಲಿ ನಿಮ್ಮವರು ನಗುವ ದೃಶ್ಯವನ್ನೇ ಜನ ಮತ್ತೆ ಮತ್ತೆ ಹೇಳುತ್ತಾರೆ, ಅದರಲ್ಲೂ ನಿಮ್ಮ ಮುಖ, ಟೀಚರಮ್ಮ, ನೀವು ನೋಡಿದಿರಾ?

ನಮ್ಮ ಊರಿನ ಟಾಕೀಸಿನಲ್ಲಿ ಆ ಚಿತ್ರ ಹನ್ನೊಂದು ವಾರ ಓಡಿತು. ನಾನು ನಾಲ್ಕು ಸಲ ಮ್ಯಾಟಿನಿಗೆ ಹೋದೆ, ಕೆಂಪಲಿಂಗಮ್ಮ ಒಂಬತ್ತು ಸಲ. ಪರದೆಯ ಮೇಲೆ ಪರಮೇಶಿ ವಿಮಾನದ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಲೇ ಜನ ಚಪ್ಪಲಿ ಬಿಚ್ಚಿ ತಯಾರಾಗುತ್ತಾರೆ. ಮಂಡಿ ಮಡಚಿತೋ ಇಲ್ಲವೋ, ಬಾಲ್ಕನಿಯಿಂದ ಗಾಂಧಿ ಕ್ಲಾಸಿನವರೆಗೆ ಟಾಕೀಸೆಲ್ಲ ಸೀಟಿನ ಕೆಳಗಿರುತ್ತದೆ. ಪ್ರೊಜೆಕ್ಟರ್ ಕೋಣೆಯಲ್ಲಿ ಕೂಡ ಧೊಪ್ಪೆಂದು ಸದ್ದಾಗುತ್ತದೆ. ಕಡಲೆಕಾಯಿ ಸಿಪ್ಪೆಯ ನಡುವೆ ಮಲಗಿ, ತಲೆಯ ಮೇಲೆ ಎಲ್ಲೋ ನಮ್ಮದೇ ನಗೆ ಕೇಳುತ್ತೇವೆ. ಮುಂದಿನ ದೃಶ್ಯದಲ್ಲಿ ಅವರ ಮಾತು ಕೇಳಿಸಿ, ಅವರು ಎದ್ದರೆಂದು ಖಾತ್ರಿಯಾದ ಮೇಲೆಯೇ ನಾವು ಏಳುವುದು. ಅಷ್ಟರಲ್ಲಿ ಆ ದೃಶ್ಯ ಮುಗಿದಿರುತ್ತದೆ.

ಪರಮೇಶಿಯವರಿಗೆ ನಾನು ಕಾರ್ಡು ಬರೆದೆ. ನನ್ನ ಮುಖವನ್ನು ನಾನು ನೋಡಿಲ್ಲ, ನಮ್ಮಲ್ಲಿ ಯಾರೂ ನೋಡಿಲ್ಲ, ಇನ್ನು ನೋಡುವ ಹಾಗೂ ಕಾಣುವುದಿಲ್ಲ ಎಂದು.